ವಿಠ್ಠಲನ ಸಮನ್ವಯವೂ ನಮ್ಮ ಪಂಕ್ತಿಯೂ

ಪಂಢರಪುರದ ವಿಠ್ಠಲನನ್ನು ಕುರಿತು ಮರಾಠಿಯಲ್ಲಿ ಬಂದ ಸಂಶೋಧನ ಗ್ರಂಥಗಳಲ್ಲಿ ಡಾ. ರಾ. ಚಿಂ. ಢೇರೆಯವರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ (1984) ಎಂಬ ಗ್ರಂಥಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು. ಪುಣೆಯಲ್ಲಿದ್ದೇ ಬಾಳುವೆಯ ಬಹುಭಾಗವನ್ನು ಸಂಶೋಧನೆಗೆ ಸವೆಸಿದ ಈ ವಿದ್ವಾಂಸರ ಕೃತಿಗೆ 1987ರಲ್ಲಿ ಸಾಹಿತ್ಯ ಅಕಾದೆಮಿಯ ಪುರಸ್ಕಾರ ದೊರೆಯಿತು. ಈ ಊರಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಅದು ಪ್ರಿಯವಾಗುವುದು ಸಹಜವೇ. ಆದರೆ ಯಾವ ಕಾರಣಕ್ಕಾಗಿ ಪ್ರಿಯ ಎಂಬುದನ್ನು ತುಸು ವಿಚಾರಿಸಬೇಕಾಗಿದೆ.

ವಿಠ್ಠಲನು ಮೂಲತಃ ದನ-ಕುರಿಗಳನ್ನು ಮೇಯಿಸುವವರ ದೈವತ; ಗವಳಿ, ಧನಗರ, ಗೊಲ್ಲ, ಕುರುಬರ ನಡುವೆ ಹುಟ್ಟಿ ಬೆಳೆದು ಕಾಲಾಂತರದಲ್ಲಿ ವಿಷ್ಣುಸ್ವರೂಪವನ್ನು ಪಡೆದವನು ಎಂಬುದು ಢೇರೆಯವರ ಸಿದ್ಧಾಂತ. ಕೊಲ್ಲಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ಇಂದಿಗೂ ಧನಗರರು ವಿಠ್ಠಲ-ಬೀರದೇವರನ್ನು ಜೋಡಿಯಾಗಿ ಪೂಜಿಸುತ್ತಾರೆ. ಆ ಬೀರದೇವನೇ ನಮ್ಮ ಕುರುಬರ ಬೀರಪ್ಪ. ಪಂಢರಪುರದ ದೇವಾಲಯದಲ್ಲಿಯೇ ಹೊಯ್ಸಳ ಸೋಮೇಶ್ವರನ 1237ರ ಸಂಸ್ಕೃತ-ಕನ್ನಡ ಶಾಸನವಿರುತ್ತದೆ. ಇಂಥ ಪ್ರಮಾಣಗಳನ್ನು ಢೇರೆಯವರು ಸಂಕೋಚವಿಲ್ಲದೆ ಒಪ್ಪಿಕೊಂಡು ಮುಂದೆ ಸಾಗುತ್ತಾರೆ. ರಾಜ್ಯ ಪುನರ್ವಿಂಗಡಣೆಯ 1956ರಿಂದ ಗಡಿಯ ವಾದವನ್ನು ಕೇಳುತ್ತ ಬಂದ ಕಿವಿಗಳಿಗೆ ಈ ನಿಷ್ಪಕ್ಷಪಾತವು ಅಮೃತಪ್ರಾಯವಾದುದು.

ಆದರೆ ನಮ್ಮವರು ಇದನ್ನು ಓದುವ ಬಗೆ ಬೇರೆ. ಜ್ಞಾನೇಶ್ವರರ ಹೆಸರಿನ ಒಂದು ಅಭಂಗದಲ್ಲಿ ವಿಠ್ಠಲನು ‘ಕಾನಡಾ’ ಎನಿಸಿಕೊಂಡಿದ್ದಾನೆ. ಕೆಲವರು ಇದಕ್ಕೆ ‘ಕನ್ನಡದವನು’ ಎಂದರೆ, ಕೆಲವರು ‘ಅಗಮ್ಯನು’ ಎಂದು ಅರ್ಥ ಮಾಡುತ್ತಾರೆ. ಮೊದಲನೆಯ ಅರ್ಥ ನಮಗೂ ಸಮ್ಮತವೇ. ಅದನ್ನು ಹೊಲದ ಖಾತೆಪತ್ರದಂತೆ ನೆರೆಯವನ ಮುಂದೆ ಬಿಚ್ಚಿ ಹಿಡಿಯುವುದು ಮಾತ್ರ ಸಮ್ಮತವಲ್ಲ. ಅತ್ತ ಡಾ. ಇರಾವತಿ ಕರ್ವೆಯವರು ತಮ್ಮ ವಾರಿಯ ಪ್ರಬಂಧದಲ್ಲಿ, ಯಾವ ನಾಡಿನ ಜನ ಪಂಢರಿಗೆ ಹೋಗುವರೋ ಅದೇ ಮಹಾರಾಷ್ಟ್ರವೆಂದು ಲಕ್ಷಣ ಹೇಳಿದರು. ಈ ಲೆಕ್ಕದಲ್ಲಿ ಪುರಂದರದಾಸರೂ ವಿಜಯದಾಸರೂ ಮಹಾರಾಷ್ಟ್ರೀಯರೇ ಸರಿ! ಇರಲಿ, ಅವರ ಪ್ರಬಂಧದ ಮಹತ್ವ ಈ ಲಕ್ಷಣದಲ್ಲಿಲ್ಲ.

1962ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾದ ಆ ಬರಹದಲ್ಲಿ ಕರ್ವೆಯವರ ಮನಸ್ಸನ್ನು ಕಲಕಿದ ಸಂಗತಿ ಒಂದುಂಟು. ಒಂದೇ ದಿಂಡಿಯಲ್ಲಿ ಒಂದೇ ನಾಮವನ್ನು ಹಾಡುತ್ತ ನಡೆದ ಬ್ರಾಹ್ಮಣರೂ ಮರಾಠರೂ ಊಟದ ಹೊತ್ತಿಗೆ ಬೇರೆ ಬೇರೆ ಅಡಿಗೆ, ಬೇರೆ ಬೇರೆ ಪಂಕ್ತಿ ಹಿಡಿಯುತ್ತಿದ್ದರು. ಢೇರೆಯವರ ಗ್ರಂಥದ ಪಕ್ಕದಲ್ಲಿ ಈ ಕಿರುಬರಹವನ್ನಿಟ್ಟು ಓದತಕ್ಕದ್ದು. ‘ಸಮನ್ವಯ’ವೆಂಬ ಮಾತು ಘರ್ಷಣೆಯನ್ನು ಮರೆಮಾಡಬಲ್ಲದು. ಕುರಿಗಾಹಿಯ ದೇವರು ವೈದಿಕರ ವಿಷ್ಣುವಾದನು, ಕುರಿಗಾಹಿಯ ಸ್ಥಾನವೇನಾಯಿತು? ಮಹಾರನಾದ ಚೋಖಾಮೇಳನ ಸಮಾಧಿ ಮಹಾದ್ವಾರದ ಹೊರಗೇ ಉಳಿಯಿತು. ಅವನ ಜನಕ್ಕೆ ಆ ಬಾಗಿಲು ತೆರೆಯಬೇಕಾದರೆ 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಉಪವಾಸ ಹೂಡಬೇಕಾಯಿತು. ದೇವತೆಗಳು ಕೂಡಿಕೊಂಡ ಮೇಲೆಯೂ ಜನರು ಕೂಡಲು ಆರೇಳು ಶತಮಾನಗಳು ಸಾಲದೆ ಹೋದವು.

ಈ ಮಾತು ಪುಣೆಯ ಪೇಠೆಗಳಿಗೂ ಅನ್ವಯಿಸುತ್ತದೆ. ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಪಾಲಕಿ ಭವಾನಿ ಪೇಠೆಯಲ್ಲಿಯೂ ತುಕಾರಾಮರದು ನಾನಾ ಪೇಠೆಯಲ್ಲಿಯೂ ತಂಗುತ್ತವೆ. ಸದಾಶಿವ, ನಾರಾಯಣ ಪೇಠೆಗಳ ವಿದ್ಯಾವಂತರು ಅಂದು ಪೂರ್ವದ ಈ ದುಡಿಯುವವರ ಕೇರಿಗಳಿಗೆ ದರ್ಶನಕ್ಕೆ ಬರುತ್ತಾರೆ. ಉಳಿದ ದಿನಗಳಲ್ಲಿ ಬಾರದವರೂ ಅವರಲ್ಲಿ ಉಂಟು. ನಾವಾದರೂ ಮೇಲೇನೂ ಅಲ್ಲ. ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದು ಇಲ್ಲಿ ಮನೆ ಕಟ್ಟುವ ಕೆಲಸದಲ್ಲಿ ತೊಡಗಿ, ತಗಡಿನ ಕೊಟ್ಟಿಗೆಗಳಲ್ಲಿ ಬಾಳುವ ಕನ್ನಡಿಗರಿಗೂ, ಸಭಾಗೃಹದಲ್ಲಿ ಪ್ರಬಂಧ ಓದುವ ಕನ್ನಡಿಗರಿಗೂ ಪರಿಚಯವೆಷ್ಟು? ಕನ್ನಡ ವಿಠ್ಠಲನೆಂದು ಹೆಮ್ಮೆಪಡುವ ನಾವು ವಿಠ್ಠಲನ ಜೊತೆಗಾರನಾದ ಬೀರಪ್ಪನ ಒಕ್ಕಲಿನವರನ್ನು ಗುರುತಿಸದೆ ದಾಟಿ ಹೋಗುತ್ತೇವೆ.

ಢೇರೆಯವರ ಗ್ರಂಥದ ಕನ್ನಡ ಭಾಗವನ್ನು ಬೆಳೆಸಲು ಇಚ್ಛಿಸುವವರು ಮೊದಲು ಇಲ್ಲಿಂದಲೇ ಆರಂಭಿಸಬಹುದು. ಬೀರಪ್ಪನ ಡೊಳ್ಳಿನ ಪದಗಳನ್ನು ಬಲ್ಲವರು ಆ ಕೊಟ್ಟಿಗೆಗಳಲ್ಲಿಯೂ ಇರಬಹುದು. ಬರೆದುಕೊಳ್ಳಲು ಮೊದಲೇ ಭೀಮೆಯನ್ನು ದಾಟಿ ಹೋಗಬೇಕೆಂದಿಲ್ಲ.