ಪಟ್ಟದ ಗೊಂಬೆ, ವನವಾಸದ ಗೊಂಬೆ

ಶ್ರೀರಾಮನಗರದ ಭತ್ತದ ಗದ್ದೆಗಳಾಚೆ, ಆನೆಗೊಂದಿಯ ಬಂಡೆಗಳಿಗೆ ಕಿಷ್ಕಿಂಧೆ ಎಂಬ ಹೆಸರಿದೆ. ಅಣ್ಣನಿಂದ ಗಾದಿ ಕಳೆದುಕೊಂಡ ಸುಗ್ರೀವ ಅದನ್ನು ಮರಳಿ ಪಡೆದದ್ದು ಇಲ್ಲೇ ಎನ್ನುತ್ತಾರೆ. ಈ ರಾಜ್ಯ ಹೋಗಿ ಬರುವ ಕಥೆಗಳು ನನಗೆ ರುಚಿಸುವುದು ತೊಗಲುಗೊಂಬೆಯ ಪರದೆಯ ಮೇಲೆ. ಹದಮಾಡಿದ ಚರ್ಮ, ಮೇಲೆ ಬಣ್ಣ, ಹಿಂದೆ ದೀಪ. ಒಡವೆಗೆಂದು ಕೊರೆದ ತೂತುಗಳೇ ಮಿನುಗುತ್ತವೆ. ರಾಜರು ದೊಡ್ಡ ಗೊಂಬೆಗಳು, ಆಳುಕಾಳು ಚಿಕ್ಕವು. ರಾಮನಿಗಂತೂ ಒಂದೇ ಗೊಂಬೆ ಸಾಲದು: ಪಟ್ಟದವನು ಬೇರೆ, ವನವಾಸದವನು ಬೇರೆ. ಗೊಂಬೆ ಬದಲಾಯಿತು, ರಾಜ್ಯವೂ ಹೋಯಿತು! ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ನುಗ್ಗಿ ನಗಿಸದಿದ್ದರೆ ರಾತ್ರಿ ಸಾಗುವುದೆಂತು? ಈ ಗೊಂಬೆಗಳನ್ನು ಆಡಿಸುವ ಕೊಪ್ಪಳ ತಾಲ್ಲೂಕು ಮೊರನಾಳದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತಡವೇ ಆಯಿತು, ಆಗಲೇ ಅವರಿಗೆ ತೊಂಬತ್ತು ದಾಟಿತ್ತು.