‘ಪರಿಹಾರ’ ಎಂಬ ಪದದ ಎರಡು ಅರ್ಥ

ನಮ್ಮ ಹೊನ್ನಾಳಿ ಕಡೆ ‘ಪರಿಹಾರ ಬಂತಾ?’ ಎಂದು ಕೇಳಿದರೆ, ಬೆಳೆ ಹೋದದ್ದಕ್ಕೆ ಸರ್ಕಾರದ ಹಣ ಖಾತೆಗೆ ಜಮೆಯಾಯಿತೇ ಎಂದೇ ಅರ್ಥ. ವಿಚಾರ ಸಂಕಿರಣಗಳಲ್ಲಿ ಅದೇ ಪದ ‘ಸಮಸ್ಯೆಗೆ ಪರಿಹಾರ’ವಾಗುತ್ತದೆ. ಈ ಎರಡು ಅರ್ಥಗಳನ್ನು ಬೇರೆ ಮಾಡಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊರಗಿಡುವ ಕೆಲಸವನ್ನು ಅಂತರರಾಷ್ಟ್ರೀಯ ಹವಾಮಾನ ಒಪ್ಪಂದಗಳು ಮೂರು ದಶಕಗಳಿಂದ ಮಾಡುತ್ತ ಬಂದಿವೆ. ಒಪ್ಪಂದಗಳೂ ಪಠ್ಯಗಳೇ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅವನ್ನು ಪದಪದವಾಗಿ ಓದಬೇಕು.

1992ರ ರಿಯೊ ಶೃಂಗಸಭೆಯ ಒಪ್ಪಂದ ‘ಸಮಾನವಾದ, ಆದರೆ ಭಿನ್ನವಾದ ಹೊಣೆಗಾರಿಕೆ’ ಎಂಬ ತತ್ವವನ್ನು ಒಪ್ಪಿತು. ಹೆಚ್ಚು ಹೊಗೆ ಬಿಟ್ಟವರ ಹೊಣೆ ಹೆಚ್ಚು ಎಂಬ ಸರಳ ನ್ಯಾಯ ಅದರಲ್ಲಿತ್ತು. ಈವರೆಗೆ ವಾತಾವರಣ ಸೇರಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅಮೆರಿಕ ಒಂದರದ್ದೇ. ಆದರೆ 2015ರ ಪ್ಯಾರಿಸ್ ಒಪ್ಪಂದದ ಕೊನೆಯ ಗಳಿಗೆಯಲ್ಲಿ ನಡೆದದ್ದನ್ನು ನೋಡಿ. ಶ್ರೀಮಂತ ದೇಶಗಳು ಹೊಗೆ ಕಡಿಮೆ ಮಾಡುವ ಬಗೆಗಿನ ವಾಕ್ಯದಲ್ಲಿದ್ದ ‘ಶಲ್’ ಎಂಬ ಕ್ರಿಯಾಪದ, ಅಮೆರಿಕದ ಒತ್ತಾಯದಿಂದ, ‘ಶುಡ್’ ಆಯಿತು. ನಮ್ಮ ಕಾನೂನು ಕನ್ನಡದಲ್ಲಿ ಹೇಳುವುದಾದರೆ ‘ಮಾಡತಕ್ಕದ್ದು’ ಹೋಗಿ ‘ಮಾಡಿದರೆ ಒಳ್ಳೆಯದು’ ಬಂತು. ತಿದ್ದುಪಡಿಯನ್ನು ಅಚ್ಚಿನ ದೋಷವೆಂಬಂತೆ ಸಭೆಯಲ್ಲಿ ಓದಿ ಮುಗಿಸಿದರು.

ಅದೇ ಒಪ್ಪಂದದ 8ನೇ ವಿಧಿ ‘ನಷ್ಟ ಮತ್ತು ಹಾನಿ’ಯನ್ನು ಒಪ್ಪಿಕೊಳ್ಳುತ್ತದೆ. ಜೊತೆಗೆ ಅಂಗೀಕರಿಸಿದ ನಿರ್ಣಯ ಮಾತ್ರ, ಈ ವಿಧಿಯ ಆಧಾರದಲ್ಲಿ ಯಾರೂ ಹೊಣೆಯನ್ನಾಗಲೀ ಪರಿಹಾರಧನವನ್ನಾಗಲೀ ಕೇಳುವಂತಿಲ್ಲ ಎನ್ನುತ್ತದೆ. 2022ರಲ್ಲಿ ಈಜಿಪ್ಟಿನಲ್ಲಿ ಒಪ್ಪಿ, 2023ರಲ್ಲಿ ದುಬೈನಲ್ಲಿ ಆರಂಭಿಸಿದ ನಿಧಿಗೂ ಇದೇ ಷರತ್ತು. ಹಣ ಕೊಡಬಹುದು, ಆದರೆ ಅದು ಸಹಕಾರ, ತೀರಿಸಬೇಕಾದ ಋಣವಲ್ಲ. ಆ ನಿಧಿಗೆ ಅಮೆರಿಕ ಘೋಷಿಸಿದ್ದು 1.75 ಕೋಟಿ ಡಾಲರ್.

ಸರ್ಕಾರಗಳು ತಮ್ಮ ಮತದಾರರಿಗೆ ಉತ್ತರ ಹೇಳಬೇಕು, ಆದ್ದರಿಂದ ರಾಷ್ಟ್ರದ ಲಾಭ ನೋಡುವುದು ಸಹಜ ಎಂಬ ವಾದವನ್ನು ತಳ್ಳಿಹಾಕಲಾಗದು. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲಿನ ಬಳಕೆಯನ್ನು ‘ಕೊನೆಗಾಣಿಸುವುದು’ ಎಂಬುದನ್ನು ‘ಇಳಿಸುವುದು’ ಎಂದು ಕೊನೆಯ ಗಳಿಗೆಯಲ್ಲಿ ಬದಲಿಸಿದ್ದು ನಮ್ಮ ದೇಶವೇ. ನಮಗೆ ವಿದ್ಯುತ್ ಬೇಕು, ಬಡತನವಿದೆ ಎಂಬ ಕಾರಣಗಳು ನಿಜ. ಆದರೂ ಪದ ಸಡಿಲಿಸುವ ಉಪಾಯ ಅದೇ. ಅದನ್ನು ಅಮೆರಿಕದ ಪಠ್ಯದಲ್ಲಿ ಕಂಡು ನಮ್ಮದರಲ್ಲಿ ಕಾಣದ ವಿಮರ್ಶೆ ಪ್ರಾಮಾಣಿಕವಲ್ಲ.

ಈ ಪದಗಳ ಭಾರ ಬೀಳುವುದು ಎಲ್ಲಿ? 2023ರಲ್ಲಿ ಮಳೆ ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಒಂದು ವರ್ಷದ ಬರಕ್ಕೆ ಹವಾಮಾನ ಬದಲಾವಣೆಯೊಂದೇ ಕಾರಣ ಎನ್ನಲಾಗದು, ಮೊತ್ತದ ಬಗ್ಗೆಯೂ ಜಗಳವಾಡಬಹುದು. ಆದರೆ ದೇಶದೊಳಗೆ ವಿಪತ್ತು ನಿರ್ವಹಣಾ ಕಾಯ್ದೆಯಿದೆ, ಕೇಳಲು ಕೋರ್ಟಿದೆ. ಜಗಳೂರಿನ ಮೆಕ್ಕೆಜೋಳದ ರೈತ ತಾಲ್ಲೂಕು ಕಚೇರಿಯಲ್ಲಿ ‘ಪರಿಹಾರ’ ಎಂದು ಕೇಳುವಾಗ ಭಿಕ್ಷೆ ಬೇಡುತ್ತಿಲ್ಲ, ಹಕ್ಕು ಕೇಳುತ್ತಿದ್ದಾನೆ. ಜಾಗತಿಕ ಒಪ್ಪಂದಗಳು ಮುಳುಗುವ ದ್ವೀಪಗಳಿಂದ ಕಿತ್ತುಕೊಂಡದ್ದು ಈ ಹಕ್ಕಿನ ಭಾಷೆಯನ್ನು.

ಆ ಭಾಷೆಯನ್ನು ಮರಳಿ ತರಲು ಹೊರಟವರು ವಿದ್ಯಾರ್ಥಿಗಳು. 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ತರಗತಿಯಲ್ಲಿ ಎತ್ತಿದ ಪ್ರಶ್ನೆಯನ್ನು ವನುವಾಟು ದೇಶ ವಿಶ್ವಸಂಸ್ಥೆಗೆ ಒಯ್ದಿತು. ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮುರಿದರೆ ಹಾನಿ ತುಂಬಿಕೊಡಬೇಕಾಗಬಹುದು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಅಭಿಪ್ರಾಯ ನೀಡಿತು. ಅದು ಸಲಹೆ ಮಾತ್ರ, ಯಾರನ್ನೂ ಕಟ್ಟಿಹಾಕುವ ತೀರ್ಪಲ್ಲ. ಆದರೂ ಪ್ಯಾರಿಸ್ಸಿನಲ್ಲಿ ಹೊರಗಿಟ್ಟಿದ್ದ ಅರ್ಥ ಮತ್ತೆ ಪಠ್ಯದೊಳಗೆ ಬಂದಿದೆ. ಹೊಣೆಯ ಪರಿಹಾರವಿಲ್ಲದೆ ಸಮಸ್ಯೆಯ ಪರಿಹಾರವಿಲ್ಲ ಎಂಬುದನ್ನು ಕನ್ನಡದ ಆ ಒಂದು ಪದ ಮೊದಲಿನಿಂದಲೂ ಹೇಳುತ್ತಿತ್ತು.