ಪ್ರಣಯಕಥೆಯಲ್ಲಿ ಕುದುರೆಯ ಸಾಕ್ಷ್ಯ

ನಳೋಪಾಖ್ಯಾನವನ್ನು ಓದಿದವರಿಗೆ ಒಂದು ಸಣ್ಣ ಸಂಗತಿಯು ನೆನಪಿನಲ್ಲಿ ಉಳಿದಿರಬಹುದು. ಕಾರ್ಕೋಟಕನ ವಿಷದಿಂದ ವಿಕಾರರೂಪನಾದ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ರಥವನ್ನು ಹೊಡೆದುಕೊಂಡು ಕುಂಡಿನಪುರವನ್ನು ಪ್ರವೇಶಿಸುತ್ತಾನೆ. ಆ ರಥಘೋಷವನ್ನು ಕೇಳಿ ದಮಯಂತಿಯ ಹೃದಯವು ತವಕಗೊಳ್ಳುವುದು ನಿಜ. ಆದರೆ ವನಪರ್ವದ ಕವಿಯು ಅವಳಿಗಿಂತ ಒಂದು ಕ್ಷಣ ಮುಂಚೆ ಬೇರೆ ಕೆಲವರ ಹರ್ಷವನ್ನು ಹೇಳುತ್ತಾನೆ. ಅವರು ಆ ಊರಿನ ಲಾಯದಲ್ಲಿ ಕಟ್ಟಿದ್ದ ನಳನ ಹಳೆಯ ಕುದುರೆಗಳು. ದಮಯಂತಿಯು ಕೇಶಿನಿಯನ್ನು ಕಳುಹಿಸಿ, ಪ್ರಶ್ನೆಗಳನ್ನು ಕೇಳಿಸಿ, ಅಡಿಗೆಯ ರುಚಿಯನ್ನು ನೋಡಿ ಪರೀಕ್ಷಿಸಬೇಕಾಯಿತು. ಕುದುರೆಗಳಿಗೆ ಪರೀಕ್ಷೆಯೇ ಬೇಕಾಗಲಿಲ್ಲ. ರಾಜ್ಯವೂ ರೂಪವೂ ಹೋದ ಮೇಲೆಯೂ ಮನುಷ್ಯನಲ್ಲಿ ಉಳಿದಿರುವುದು ಯಾವುದೋ ಅದನ್ನು ಅವು ಕಿವಿಯಿಂದಲೇ ಬಲ್ಲವು.

ಪ್ರಣಯದ ಕಥೆಗೂ ಕುದುರೆಗೂ ಇರುವ ನಂಟು ಹೀಗೆ ಬಹು ಹಳೆಯದು. ಜೈಮಿನಿ ಭಾರತದಲ್ಲಿ ಪ್ರಮೀಳೆಯು ಯಜ್ಞಾಶ್ವವನ್ನು ಕಟ್ಟಿಹಾಕದೆ ಹೋಗಿದ್ದರೆ ಅರ್ಜುನನಿಗೆ ಅವಳ ಪರಿಚಯವೇ ಆಗುತ್ತಿರಲಿಲ್ಲ. ಆದುದರಿಂದ ಇಂಗ್ಲಿಷಿನಲ್ಲಿ ಇತ್ತೀಚೆಗೆ ಹುಲುಸಾಗಿ ಬೆಳೆದಿರುವ ಕುದುರೆಲಾಯದ ಪ್ರಣಯಕಾದಂಬರಿಗಳನ್ನು ಮನೆಯ ಕಾಲೇಜು ಹುಡುಗಿಯರ ಕೈಯಲ್ಲಿ ಕಂಡು ಹಿರಿಯರು ಬೆಚ್ಚಬೇಕಾದುದಿಲ್ಲ. ಬೆಚ್ಚುವುದಕ್ಕಿಂತ ಓದಿ ನೋಡುವುದು ಮೇಲು.

ಈ ಕಾದಂಬರಿಗಳು ಸೇರುವ ವರ್ಗಕ್ಕೆ ‘ನ್ಯೂ ಅಡಲ್ಟ್’ ಎಂಬ ಹೆಸರು ಬಂದದ್ದು ೨೦೦೯ರಲ್ಲಿ, ಸೇಂಟ್ ಮಾರ್ಟಿನ್ಸ್ ಪ್ರೆಸ್ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆಯು ನಡೆಸಿದ ಒಂದು ಸ್ಪರ್ಧೆಯಿಂದ. ಹದಿನೆಂಟು ವರ್ಷದಿಂದ ಸುಮಾರು ಇಪ್ಪತ್ತೈದರವರೆಗಿನ ವಯಸ್ಸು ಇದರ ಕ್ಷೇತ್ರ. ತಾಯಿತಂದೆಯರ ಮನೆಯನ್ನು ಬಿಟ್ಟಾಗಿದೆ, ಸ್ವಂತದ ನೆಲೆಯು ಇನ್ನೂ ಸಿಕ್ಕಿಲ್ಲ. ಈ ನಡುವಣ ಹೊಸ್ತಿಲಿನ ಮೇಲೆ ನಿಂತವರ ಕಥೆ ಇದು. ನಾಯಕನೊಂದು ಅಧ್ಯಾಯವನ್ನೂ ನಾಯಿಕೆಯೊಂದು ಅಧ್ಯಾಯವನ್ನೂ ಸರದಿಯಂತೆ ತಮ್ಮ ಬಾಯಿಂದಲೇ ಹೇಳುವುದು ಇದರ ಸಾಮಾನ್ಯವಾದ ಕ್ರಮ.

ಇಂತಹ ಕಥೆಗೆ ಲಾಯವು ಒಪ್ಪುವುದಕ್ಕೆ ಕಾರಣವುಂಟು. ಮೊದಲನೆಯದಾಗಿ, ಐಶ್ವರ್ಯವಂತನೂ ಕೂಲಿಯವನೂ ಬೆಳಗಿನ ಕತ್ತಲೆಯಲ್ಲಿ ಒಂದೇ ಬಾಗಿಲಲ್ಲಿ ಸಂಧಿಸುವ ಸ್ಥಳವು ಇಂದಿನ ಲೋಕದಲ್ಲಿ ವಿರಳ, ಲಾಯವು ಅಂತಹದು. ಕುದುರೆಯನ್ನು ಹಣದಿಂದ ಕೊಳ್ಳಬಹುದು, ಅದನ್ನು ನಡೆಯಿಸುವ ಕೈಯನ್ನು ಕೊಳ್ಳಲಾಗದು. ಎರಡನೆಯದಾಗಿ, ಕುದುರೆಯ ಮುಂದೆ ಸುಳ್ಳು ನಡೆಯದು. ಅದು ಮಂದೆಯಲ್ಲಿ ಬಾಳಿ, ಬೇಟೆಯ ಮೃಗಗಳಿಗೆ ಅಂಜಿ ಓಡಿ ಬದುಕಿದ ಪ್ರಾಣಿ. ಅದರ ಕಣ್ಣುಗಳು ಮುಖದ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲೂ ಬಹುಮಟ್ಟಿಗೆ ಕಾಣುತ್ತದೆ. ಆದರೆ ನೇರವಾಗಿ ಬಾಲದ ಹಿಂದೆಯೂ, ಹಣೆಯ ತೀರ ಎದುರಿಗೂ ಕಾಣದು. ಎಲ್ಲಿಂದ ಬಂದು ಮುಟ್ಟಬೇಕೆಂಬುದನ್ನು ಅರಿಯದವನು ಒದೆ ತಿನ್ನುವನು. ಬಿಗಿದ ತೊಡೆ, ನಡುಗುವ ಕೈ, ಒಳಗಿನ ಕೋಪ, ಇವೆಲ್ಲವೂ ಜೀನು ಲಗಾಮುಗಳ ಮೂಲಕ ಅದಕ್ಕೆ ತಿಳಿದುಹೋಗುತ್ತವೆ. ಪಾತ್ರದ ಅಂತರಂಗವನ್ನು ಬಯಲಿಗೆಳೆಯಲು ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಸಾಧನವು ದೊರೆಯಲಾರದು.

ದುರ್ದೈವದಿಂದ, ಈ ವರ್ಗದ ಬಹುಮಂದಿ ಲೇಖಕಿಯರು ಸಾಧನವನ್ನು ಒಂದು ಸಾರಿ ಉಪಯೋಗಿಸಿ ಮೂಲೆಗಿಡುತ್ತಾರೆ. ಎಲ್ಸಿ ಸಿಲ್ವರ್ ಎಂಬ ಕೆನಡಾದ ಲೇಖಕಿಯ ‘ಆಫ್ ಟು ದಿ ರೇಸಸ್’ ಈ ಬಗೆಗೆ ಒಳ್ಳೆಯ ಮಾದರಿ. ಪಂದ್ಯದ ಕುದುರೆಗಳ ಲಾಯವೊಂದು ತರುಣನೊಬ್ಬನ ಪಾಲಿಗೆ ಬರುತ್ತದೆ. ಪಳಗಿಸುವವನೊಬ್ಬನು ಬರುವನೆಂದು ಕಾದಿದ್ದ ಅವನೆದುರಿಗೆ ಹೆಣ್ಣೊಬ್ಬಳು ಬಂದು ನಿಲ್ಲುತ್ತಾಳೆ. ಯಾರಿಗೂ ಮಣಿಯದ ಗಂಡುಕುದುರೆಯು ಅವಳಿಗೆ ಮಣಿಯುತ್ತದೆ. ಸಂಭಾಷಣೆಯಲ್ಲಿ ಲವಲವಿಕೆಯುಂಟು, ನಾಯಿಕೆಗೆ ತನ್ನ ಕಸಬಿನಲ್ಲಿ ಅಭಿಮಾನವುಂಟು; ಇಷ್ಟನ್ನು ಧಾರಾಳವಾಗಿ ಒಪ್ಪಬಹುದು. ಆದರೆ ಇದನ್ನನುಸರಿಸುವ ಗುಂಪಿನಲ್ಲಿ ಕುದುರೆಯು ಮೊದಲು ಮುಂದಲೆಯನ್ನು ತಗ್ಗಿಸಿ ನಾಯಿಕೆಯ ಗುಣಕ್ಕೊಂದು ಪ್ರಮಾಣಪತ್ರವನ್ನು ಕೊಟ್ಟು, ನೂರಾರು ಪುಟಗಳ ಕಾಲ ಮರೆಯಾಗಿ, ಕೊನೆಗೆ ಪಂದ್ಯವನ್ನು ಗೆಲ್ಲುವುದಕ್ಕಷ್ಟೇ ಹಿಂದಿರುಗುವುದು ರೂಢಿಯಾಗಿಬಿಟ್ಟಿದೆ. ನಡುವೆ ಲದ್ದಿಯನ್ನು ಬಾಚಿದವರು ಯಾರು? ಗೊರಸನ್ನು ಕೆರೆದು ಲಾಳವನ್ನು ನೋಡಿದವರು ಯಾರು? ಹೊಟ್ಟೆಶೂಲೆಯಿಂದ ಹೊರಳುವ ಪ್ರಾಣಿಯನ್ನು ಇರುಳೆಲ್ಲ ನಡೆದಾಡಿಸಿದವರು ಯಾರು? ಕುಣಿಗಲ್ಲಿನ ಲಾಯಗಳ ಸಮೀಪದಲ್ಲಿ ಬೆಳೆದ ಹುಡುಗನೊಬ್ಬನು ಇಂತಹ ಪುಸ್ತಕವನ್ನು ಓದಿದರೆ ಇವರ ಕುದುರೆಗಳು ಹುಲ್ಲು ಹುರುಳಿಗಳನ್ನು ತಿನ್ನುವುದಿಲ್ಲವೇನೋ ಎಂದುಕೊಂಡಾನು.

ಇದಕ್ಕಿಂತಲೂ ಗುರುತರವಾದ ದೋಷವೊಂದಿದೆ. ಹೆಣ್ಣನ್ನು ಕುದುರೆಗೆ ಹೋಲಿಸಿ, ಪಳಗಿಸುವ ಮಾತನ್ನಾಡಿ ನಗುವುದು ಹಿಂದಿನ ಗಂಡಸರ ಚಾಳಿಯಾಗಿತ್ತು. ಹೊಸ ಕಾದಂಬರಿಯು ಅದನ್ನು ತಿರುಗಿಸಿ, ನಾಯಕನನ್ನೇ ಪಳಗದ ಕುದುರೆಯನ್ನಾಗಿ ಮಾಡಿದೆ. ಅವನು ಕಚ್ಚುತ್ತಾನೆ, ಒದೆಯುತ್ತಾನೆ, ಮಾತಿನಿಂದ ಘಾಸಿಗೊಳಿಸುತ್ತಾನೆ. ಪೂರ್ವದಲ್ಲಿ ಯಾರೋ ಅವನನ್ನು ಹಿಂಸಿಸಿದ್ದರು. ನಾಯಿಕೆಯು ತಾಳ್ಮೆಯಿಂದ ಕಾದು ಅವನನ್ನು ಕೈಗೆ ಬರುವಂತೆ ಮಾಡುತ್ತಾಳೆ. ಓದಲು ಇದು ಹಿತವಾಗಿಯೇ ಇದೆ. ಆದರೆ ಕುದುರೆಯು ಪಳಗುವುದು ದಿನದಿನದ ಅಭ್ಯಾಸದಿಂದ. ತಾನು ಒದೆದದ್ದಕ್ಕೆ ಅದು ಹೊಣೆಯಲ್ಲ. ಇಪ್ಪತ್ತಮೂರು ವರ್ಷದ ಪುರುಷನು ಹೊಣೆ. ಇವೆರಡನ್ನೂ ಒಂದೇ ಎಂದು ಭಾವಿಸಿದ ಹುಡುಗಿಯು ಪುಸ್ತಕದ ಹೊರಗೆ ಇಂತಹವನೊಬ್ಬನನ್ನು ಕಂಡಾಗ, ಅವನ ಕ್ರೌರ್ಯವನ್ನು ತನ್ನ ತಾಳ್ಮೆಯ ಕೊರತೆಯೆಂದು ಎಣಿಸಿಯಾಳು. ಈ ಕಾದಂಬರಿಗಳ ಶೃಂಗಾರವು ಮಿತಿಮೀರಿದೆಯೆಂದು ಕೂಗುವ ಹಿರಿಯರು ಈ ಅಪಾಯವನ್ನು ಗಮನಿಸಿದಂತೆ ತೋರುವುದಿಲ್ಲ.

ಈ ವಂಶದ ಮೂಲಪುರುಷನನ್ನು, ಅಥವಾ ಮೂಲಸ್ತ್ರೀಯನ್ನು, ಹುಡುಕುವವರು ೧೯೮೫ಕ್ಕೆ ಹೋಗಬೇಕು. ಆ ವರ್ಷ ಜಿಲ್ಲಿ ಕೂಪರಳ ‘ರೈಡರ್ಸ್’ ಪ್ರಕಟವಾಯಿತು. ಅದರ ಮೊದಲ ಹಸ್ತಪ್ರತಿಯನ್ನು ೧೯೭೦ರಲ್ಲಿ ಗ್ರಂಥಕರ್ತ್ರಿಯು ಲಂಡನ್ನಿನ ಬಸ್ಸೊಂದರಲ್ಲಿ ಮರೆತು ಕಳೆದುಕೊಂಡಳೆಂಬುದು ಪ್ರಸಿದ್ಧವಾದ ಕಥೆ. ಹಾಗೆ ಕಳೆದುಹೋದ ಗ್ರಂಥವನ್ನು ಎಷ್ಟೋ ವರ್ಷಗಳ ಮೇಲೆ ಮತ್ತೆ ಬರೆಯುವ ಛಲವು ಎಲ್ಲರಲ್ಲಿಯೂ ಇರುವುದಿಲ್ಲ. ೨೦೨೫ರ ಅಕ್ಟೋಬರಿನಲ್ಲಿ ಅವಳು ತೀರಿಕೊಂಡಾಗ ಇಂಗ್ಲೆಂಡಿನ ಪತ್ರಿಕೆಗಳು ಬಹಳವಾಗಿ ಬರೆದದ್ದು ಈ ಪುಸ್ತಕದ ವಿಷಯವನ್ನೇ. ಮನೆಯವರೆಲ್ಲರ ನಡುವೆ ಗಟ್ಟಿಯಾಗಿ ಓದುವ ಗ್ರಂಥವಿದಲ್ಲವೆಂಬುದನ್ನು ಹೇಳಿಬಿಡುವುದು ನ್ಯಾಯ.

ಕುದುರೆಗಳನ್ನು ಬೇಲಿ ಗೋಡೆಗಳ ಮೇಲಿಂದ ಹಾರಿಸುವ ಸ್ಪರ್ಧೆಯೇ ಇದರ ರಂಗ. ಜೇಕ್ ಲವೆಲನು ಜಿಪ್ಸಿ ತಂದೆಯ ಮಗ, ಕುಂಟ, ಬಡವ. ಸವಾರಿ ಶಾಲೆಯಲ್ಲಿ ಕೂಲಿಗೆ ನಿಂತವನು. ರೂಪರ್ಟ್ ಕ್ಯಾಂಬೆಲ್-ಬ್ಲ್ಯಾಕನು ಸಿರಿವಂತ, ಸುಂದರ, ದುಷ್ಟ. ಬಾಲ್ಯದ ಶಾಲೆಯಲ್ಲಿ ಜೇಕನನ್ನು ಹಿಂಸಿಸಿದವನು. ಇವರ ವೈರವು ಅಂಗಣದಿಂದ ಅಂಗಣಕ್ಕೆ, ದೇಶದಿಂದ ದೇಶಕ್ಕೆ ಬೆಳೆದು ೧೯೮೪ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನವರೆಗೆ ಹೋಗುತ್ತದೆ. ಇಬ್ಬರನ್ನೂ ಬೇರ್ಪಡಿಸುವುದು ಕುದುರೆಯ ಮೇಲಿನ ಕೈ. ಜೇಕನದು ಕೇಳುವ ಕೈ, ರೂಪರ್ಟನದು ಹೊಡೆಯುವ ಕೈ.

ಗ್ರಂಥದ ಶಿಖರವು ವಿಶ್ವ ಚಾಂಪಿಯನ್‌ಶಿಪ್ಪಿನ ಪ್ರಸಂಗ. ಆ ಕಾಲದಲ್ಲಿ ನಿಜವಾಗಿಯೂ ಒಂದು ವಿಚಿತ್ರವಾದ ನಿಯಮವಿತ್ತು: ಕೊನೆಗೆ ಉಳಿದ ನಾಲ್ವರು ಸವಾರರು ತಂತಮ್ಮ ಕುದುರೆಗಳ ಮೇಲಲ್ಲದೆ ಉಳಿದ ಮೂವರ ಕುದುರೆಗಳ ಮೇಲೆಯೂ ಹಾರಿ ತೋರಿಸಬೇಕು. (೨೦೧೪ರ ಪಂದ್ಯಗಳ ಅನಂತರ ಈ ಪದ್ಧತಿಯನ್ನು ಕೈಬಿಟ್ಟರು.) ಈ ನಿಯಮದೊಳಗೆ ಅಡಗಿದ್ದ ನಾಟಕವನ್ನು ಕಂಡದ್ದು ಕೂಪರಳ ಪ್ರತಿಭೆ. ಮೆಕಾಲೆ ಎಂಬ ಕುದುರೆಯು ಹಿಂದೆ ರೂಪರ್ಟನ ಕೈಯಲ್ಲಿ ನರಳಿ, ಈಗ ಜೇಕನ ಲಾಯದಲ್ಲಿದೆ. ಸರದಿಯಂತೆ ರೂಪರ್ಟನು ಅದರ ಬಳಿಗೆ ಹೋಗಲೇಬೇಕು. ಸಾವಿರಾರು ಜನರ ಸಮಕ್ಷಮದಲ್ಲಿ ಆ ಕುದುರೆಯು ತನ್ನ ಹಳೆಯ ಯಜಮಾನನನ್ನು ಗುರುತಿಸಿ ಅವನ ಮೇಲೆ ಎರಗುತ್ತದೆ. ನಳನ ಕುದುರೆಗಳ ಪ್ರಸಂಗವೇ ಇದು, ಆದರೆ ತಿರುಗುಮುರುಗಾಗಿ. ಹೆಂಡತಿಯು ಹೇಳಲಾರದ್ದನ್ನು, ಗೆಳೆಯರು ಕಂಡೂ ಕಾಣದಂತಿದ್ದುದನ್ನು, ಬಾಯಿಲ್ಲದ ಪ್ರಾಣಿಯು ಬಯಲಿನಲ್ಲಿ ಹೇಳಿತು. ಇಷ್ಟು ಬಲವಾದ ನ್ಯಾಯತೀರ್ಮಾನವು ಪ್ರಣಯಕಾದಂಬರಿಗಳಲ್ಲಿ ಅಪರೂಪ.

ಆದರೆ ತೀರ್ಪನ್ನು ಕೊಟ್ಟ ಲೇಖಕಿಯೇ ಶಿಕ್ಷೆಯನ್ನು ಜಾರಿಗೆ ತರಲು ಹಿಂದೆಗೆಯುತ್ತಾಳೆ. ಒಲಿಂಪಿಕ್ಸಿನ ಹೊತ್ತಿಗೆ ಜೇಕನು ರೂಪರ್ಟನ ಹೆಂಡತಿ ಹೆಲೆನಳೊಡನೆ ಓಡಿಹೋಗುತ್ತಾನೆ. ರೂಪರ್ಟನು ಭುಜದ ನೋವನ್ನು ನುಂಗಿಕೊಂಡು ದೇಶಕ್ಕಾಗಿ ಸವಾರಿ ಮಾಡಿ ವೀರನಾಗುತ್ತಾನೆ. ವಾಚಕರ ಸಹಾನುಭೂತಿಯು ಅರಿವಿಲ್ಲದೆಯೇ ಪಕ್ಕವನ್ನು ಬದಲಾಯಿಸುತ್ತದೆ. ಮನುಷ್ಯನಲ್ಲಿ ಕ್ರೌರ್ಯವೂ ಧೈರ್ಯವೂ ಜೊತೆಯಾಗಿರಬಹುದೆಂಬುದು ಸತ್ಯವೇ. ಆದರೆ ಧೈರ್ಯವು ಕ್ರೌರ್ಯದ ಸಾಲವನ್ನು ತೀರಿಸಿತೆಂಬಂತೆ ಲೆಕ್ಕದ ಪುಸ್ತಕವನ್ನು ಮುಚ್ಚುವುದು ಬೇರೆ ಮಾತು. ೧೯೮೮ರ ‘ರೈವಲ್ಸ್’ ಕಾದಂಬರಿಯಲ್ಲಿ ಟ್ಯಾಗಿ ಎಂಬ ಮುಗ್ಧೆಯ ಪ್ರೇಮದಿಂದ ರೂಪರ್ಟನು ಸಜ್ಜನನಾಗುತ್ತಾನೆ. ಮುಂದಿನ ಗ್ರಂಥಗಳಲ್ಲೆಲ್ಲ ಅವನೇ ಮೆಚ್ಚಿನ ನಾಯಕ. ಇಂದಿನ ನ್ಯೂ ಅಡಲ್ಟ್ ಕಾದಂಬರಿಗಳ ಒರಟು ನಾಯಕರ ವಂಶವೃಕ್ಷವನ್ನು ಬರೆದರೆ ಹಲವು ಕೊಂಬೆಗಳು ಅವನ ಬಳಿಗೇ ಬಂದು ಸೇರಿಯಾವು. ಮೆಕಾಲೆಯ ಸಾಕ್ಷ್ಯವನ್ನು ಯಾರೂ ಮತ್ತೆ ಕೇಳುವುದಿಲ್ಲ.

ಟೋರಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಸ್ಥೂಲಕಾಯದ, ನಾಚಿಕೆಯ ಸ್ವಭಾವದ ಈ ಸಿರಿವಂತ ಹುಡುಗಿಯು ತನ್ನ ಹಣದಿಂದ ‘ಆಫ್ರಿಕಾ’ ಎಂಬ ಕುದುರೆಯನ್ನು ಕೊಂಡು ಜೇಕನಿಗೆ ಕೊಟ್ಟು, ಅವನನ್ನು ಮದುವೆಯಾಗಿ, ಅವನ ಲಾಯಕ್ಕೂ ಮನೆಗೂ ಆಧಾರವಾಗುತ್ತಾಳೆ. ಜೇಕನು ಅವಳನ್ನು ಪ್ರೀತಿಸಿದನೋ, ಕುದುರೆಯನ್ನು ಪ್ರೀತಿಸಿ ಅವಳನ್ನು ಸ್ವೀಕರಿಸಿದನೋ? ಕಾದಂಬರಿಯ ಎಲ್ಲ ಪ್ರಣಯಗಳಿಗಿಂತಲೂ ಈ ಪ್ರಶ್ನೆಯು ಹೆಚ್ಚು ತೀಕ್ಷ್ಣವಾದುದು. ಲೇಖಕಿಗೆ ಅದು ಗೊತ್ತು. ಟೋರಿಯನ್ನು ಕುರಿತ ಪುಟಗಳಲ್ಲಿ ಅವಳ ಹಾಸ್ಯವು ಮೆತ್ತಗಾಗುತ್ತದೆ. ಆದರೂ ಬಹುಬೇಗನೆ ಔತಣಕೂಟಗಳ ಕಡೆಗೆ ಹೊರಟುಬಿಡುತ್ತಾಳೆ.

ಹಾಗಾದರೆ ಕುದುರೆಯ ಸಾಕ್ಷ್ಯವನ್ನು ಕೊನೆಯವರೆಗೂ ಗೌರವಿಸಿದ ಪ್ರಣಯಕಥೆಯು ಇಲ್ಲವೇ? ಮ್ಯಾಗಿ ಸ್ಟೀಫ್‌ವಾಟರಳ ‘ದಿ ಸ್ಕಾರ್ಪಿಯೊ ರೇಸಸ್’ ೨೦೧೧ರಲ್ಲಿ ಹೊರಬಂದಿತು. ಪ್ರಕಾಶಕರು ಅದನ್ನು ಇನ್ನೂ ಎಳೆಯ ವಾಚಕರ ಸಾಲಿನಲ್ಲಿರಿಸಿದರು, ೨೦೧೨ರಲ್ಲಿ ಪ್ರಿಂಟ್ಸ್ ಪಾರಿತೋಷಕದ ಗೌರವವೂ ಅದಕ್ಕೆ ಬಂದಿತು. ಆದರೆ ಅದರ ಪ್ರೌಢಿಮೆಯು ವಯಸ್ಕರೆಂಬ ಹೆಸರನ್ನು ಹೊತ್ತ ಹಲವು ಗ್ರಂಥಗಳಿಗಿಂತ ಮೇಲಿನದು. ಥಿಸ್ಬಿ ಎಂಬ ಕಲ್ಪಿತ ದ್ವೀಪ. ಶರತ್ಕಾಲದಲ್ಲಿ ಸಮುದ್ರದಿಂದ ಮಾಂಸಭಕ್ಷಕವಾದ ನೀರ್ಗುದುರೆಗಳು ದಡಕ್ಕೆ ಬರುತ್ತವೆ. ಜನರು ಅವನ್ನು ಹಿಡಿದು ನವೆಂಬರ್ ಮೊದಲನೆಯ ದಿನ ಮರಳಿನ ಮೇಲೆ ಪಂದ್ಯವನ್ನೋಡಿಸುತ್ತಾರೆ. ಪ್ರತಿ ವರ್ಷವೂ ಸಾವುಗಳಾಗುತ್ತವೆ. ಷಾನ್ ಕೆಂಡ್ರಿಕನು ಹಿಂದಿನ ಆರು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದವನು; ಆದರೆ ಅವನು ಏರುವ ಕೆಂಪು ಕುದುರೆ ಕಾರ್ ಅವನದಲ್ಲ, ಧಣಿಯಾದ ಮಾಲ್ವರ್ನನದು. ಪಕ್ ಎಂಬ ಹುಡುಗಿಯ ತಾಯಿತಂದೆಗಳನ್ನು ನೀರ್ಗುದುರೆಗಳೇ ಕೊಂದಿವೆ, ಅಣ್ಣನು ದ್ವೀಪವನ್ನು ಬಿಟ್ಟುಹೋಗುವೆನೆನ್ನುತ್ತಾನೆ, ಮನೆಯು ಕೈತಪ್ಪುವುದರಲ್ಲಿದೆ. ಅವಳು ತನ್ನ ಸಾಧಾರಣವಾದ ಹೆಣ್ಣುಕುದುರೆ ಡೋವ್ ಮೇಲೆ ಪಂದ್ಯಕ್ಕಿಳಿಯುತ್ತಾಳೆ. ಹೆಂಗಸೊಬ್ಬಳು ಅಲ್ಲಿ ಓಡುವುದು ಅದೇ ಮೊದಲು.

ಈ ಕಾದಂಬರಿಯಲ್ಲಿ ಯಾರೂ ಯಾರನ್ನೂ ಪಳಗಿಸುವುದಿಲ್ಲ. ಕಾರ್ ಎಂಬುದು ಪ್ರೀತಿಪಾತ್ರವಾದರೂ ಕೊಲ್ಲಬಲ್ಲ ಪ್ರಾಣಿಯೆಂಬುದನ್ನು ಷಾನನು ಕ್ಷಣವೂ ಮರೆಯುವುದಿಲ್ಲ, ಲೇಖಕಿಯೂ ಮರೆಯಗೊಡುವುದಿಲ್ಲ. ಇಬ್ಬರು ತರುಣರು ಮಿತಭಾಷಿಗಳು. ಒಬ್ಬರು ಕುದುರೆಯನ್ನು ನಡೆಯಿಸುವ ರೀತಿಯನ್ನು ಇನ್ನೊಬ್ಬರು ನೋಡಿ ನೋಡಿ ವಿಶ್ವಾಸವು ಹುಟ್ಟುತ್ತದೆ. ನಡುವಿನ ಅಧ್ಯಾಯಗಳು ನಿಧಾನವೆಂದು ಕೆಲವರು ದೂರಬಹುದು. ಪಂದ್ಯವೇ ಕಥೆಯೆಂದು ನಂಬಿದವರಿಗೆ ನಿಧಾನವೇ ಸರಿ. ಮೇವು, ಮೈತಿಕ್ಕುವಿಕೆ, ಮಳೆಯಲ್ಲಿ ಕಾವಲು, ಇವುಗಳಲ್ಲಿಯೇ ಇಲ್ಲಿ ಪ್ರಣಯವು ನಡೆಯುತ್ತಿದೆಯೆಂಬುದನ್ನು ಕಂಡವರು ಬೇಸರಪಡರು. ಮಾಲ್ವರ್ನನ ಮಗನ ಪಾತ್ರವು ಮಾತ್ರ ತೀರ ಸಪಾಟಾದ ಖಳನಾಗಿ ಬಂದಿರುವುದು ಕೊರತೆ.

ಪಂದ್ಯವನ್ನು ಪಕ್ ಗೆಲ್ಲುತ್ತಾಳೆ. ಕಾರ್‌ನ ಕಾಲು ಮುರಿಯುತ್ತದೆ. ಕುದುರೆಗೆ ಕಾಲು ಮುರಿಯುವುದೆಂದರೆ ಬಹುಮಟ್ಟಿಗೆ ಮರಣವೇ. ಅಷ್ಟು ಭಾರದ ದೇಹವು ಮೂರು ಕಾಲುಗಳ ಮೇಲೆ ಬಹುದಿನ ನಿಲ್ಲಲಾರದು. ಪಂದ್ಯಕ್ಕೆ ಉಪಯೋಗವಿಲ್ಲವಾದ ಮೇಲೆ ಕುದುರೆಯು ಕೊನೆಗೂ ಷಾನನದಾಗುತ್ತದೆ. ವರ್ಷಗಟ್ಟಲೆ ಬಯಸಿದ ಸ್ವಾಮ್ಯವು ಕೈಗೆ ಬಂದ ಒಡನೆಯೇ ಅವನು ಅದನ್ನು ಸಮುದ್ರದ ಅಂಚಿಗೆ ನಡೆಯಿಸಿಕೊಂಡು ಹೋಗಿ, ಕಟ್ಟನ್ನು ಬಿಚ್ಚಿ, ಬೆನ್ನು ತಿರುಗಿಸುತ್ತಾನೆ. ಪಕ್ ಅವನ ಪಕ್ಕದಲ್ಲಿದ್ದಾಳೆ, ಮಾತಿಲ್ಲ. ಹಿಂದೆ ಅಲೆಗಳ ಸದ್ದಿನ ನಡುವೆ, ಕುಂಟುತ್ತ ದಡದ ಕಡೆಗೆ ಮರಳುತ್ತಿರುವ ಗೊರಸುಗಳು.